ನಾಲ್ಕು ಮಾತಿನ ಸಾಕ್ಷ್ಯ: ಪುಸ್ತಕ ಪರಿಚಯವೆಂಬ ಕಲೆ

ಭಾನುವಾರದ ಪುರವಣಿಯ ಒಳಪುಟದ ಒಂದು ಮೂಲೆಯಲ್ಲಿ, ಗ್ರಂಥದ ಹೆಸರು, ಕರ್ತೃವಿನ ಹೆಸರು, ಪ್ರಕಾಶಕರ ವಿಳಾಸ, ಪುಟಸಂಖ್ಯೆ, ಬೆಲೆ ಎಂಬ ಐದು ಸಂಗತಿಗಳನ್ನು ದಪ್ಪಕ್ಷರದಲ್ಲಿ ಶಿರೋಭಾಗದಲ್ಲಿರಿಸಿಕೊಂಡು, ಅವುಗಳ ಕೆಳಗೆ ನೂರೈವತ್ತು ಇನ್ನೂರು ಶಬ್ದಗಳಲ್ಲಿ ಮುಗಿದುಹೋಗುವ ಬರೆಹವೊಂದುಂಟು. ಅದನ್ನು ಕೆಲವರು ಪುಸ್ತಕ ಪರಿಚಯವೆಂದೂ ಮತ್ತೆ ಕೆಲವರು ಕಿರುವಿಮರ್ಶೆಯೆಂದೂ ಕರೆಯುವರು. ಅದಕ್ಕಿಂತಲೂ ಕಿರಿದಾಗಿ, ಬಂದ ಪುಸ್ತಕಗಳ ಹೆಸರನ್ನು ಮಾತ್ರ ಪಟ್ಟಿಮಾಡಿ ಕೃತಜ್ಞತೆ ಸೂಚಿಸುವ ಅಂಕಣಕ್ಕೆ ‘ಸಾದರ ಸ್ವೀಕಾರ’ವೆಂಬ ಹೆಸರು ಬಹುಕಾಲದಿಂದ ರೂಢಿಯಲ್ಲಿದೆ. ಪತ್ರಿಕೆಯನ್ನು ಅವಸರದಿಂದ ತಿರುವುವವರ ಕಣ್ಣು ಈ ಮೂಲೆಯ ಮೇಲೆ ನಿಲ್ಲುವುದು ಅಪರೂಪ. ಆದರೆ ಪುಸ್ತಕದ ಮಳಿಗೆ ಬೇಕೆಂದರೆ ಜಮಖಂಡಿಗೋ ಮುಧೋಳಕ್ಕೋ ಕೃಷ್ಣೆಯನ್ನು ದಾಟಿ ವಿಜಯಪುರಕ್ಕೋ ಹೋಗಬೇಕಾದ ಗಲಗಲಿಯಂಥ ಊರಿನ ವಾಚಕನಿಗೆ, ಹೊಸ ಗ್ರಂಥವೊಂದು ಲೋಕದಲ್ಲಿ ಜನಿಸಿತೆಂಬ ವಾರ್ತೆಯನ್ನು ಮೊದಲಿಗೆ ಮುಟ್ಟಿಸುವುದೂ, ಅದಕ್ಕಾಗಿ ಹಣವನ್ನೂ ಅದಕ್ಕಿಂತ ದುರ್ಲಭವಾದ ಸಮಯವನ್ನೂ ವ್ಯಯಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದೂ ಈ ಮೂಲೆಯೇ. ವಿದ್ವಾಂಸನು ಗ್ರಂಥಕ್ಕೆ ತೀರ್ಪು ಕೊಡಬಲ್ಲನು. ಸಾಮಾನ್ಯ ವಾಚಕನು ಕೊಡಬಲ್ಲದ್ದು ಸಾಕ್ಷ್ಯ. ಆ ಸಾಕ್ಷ್ಯವು ಪ್ರಾಮಾಣಿಕವಾಗಿದ್ದಲ್ಲಿ ಅದರ ಬೆಲೆ ತೀರ್ಪಿಗಿಂತ ಕಡಿಮೆಯದಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

ಈ ನೆಲದ ಪರೀಕ್ಷಕರು

ಗ್ರಂಥವನ್ನು ಓದಿ ಅದರ ಗುಣದೋಷಗಳನ್ನು ನಾಲ್ಕು ಜನರಿಗೆ ತಿಳಿಯಪಡಿಸುವ ಪದ್ಧತಿಯು ಮುದ್ರಣಯಂತ್ರದ ಸಂಗಡ ಪರದೇಶದಿಂದ ಬಂದಿತೆಂದು ಭಾವಿಸುವವರುಂಟು. ಅಂಕಣದ ಆಕಾರವು ಹಾಗೆ ಬಂದಿರಬಹುದು. ಅದರ ಹಿಂದಣ ಮನೋಧರ್ಮವು ಈ ಭಾಗದಲ್ಲಿ ಸಾವಿರ ವರ್ಷಗಳಿಗೂ ಹಳೆಯದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಹೇಳಿ, ಆ ನಾಡಿನ ತಿರುಳೆನ್ನಬಹುದಾದ ಪ್ರದೇಶವನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಕಿಸುವೊಳಲು, ಎಂದರೆ ಇಂದಿನ ಪಟ್ಟದಕಲ್ಲು, ನಮ್ಮ ಬಾಗಲಕೋಟೆ ಜಿಲ್ಲೆಯದೇ. ಈ ನಾಡಿನ ಜನರು ಉದ್ದೇಶಪೂರ್ವಕವಾಗಿ ಶಾಸ್ತ್ರಾಧ್ಯಯನ ಮಾಡದೆಯೂ ಕಾವ್ಯದ ಪ್ರಯೋಗದಲ್ಲಿ ಪರಿಣತವಾದ ಬುದ್ಧಿಯುಳ್ಳವರೆಂದು ಆ ಗ್ರಂಥವು ಪ್ರಶಂಸಿಸುತ್ತದೆ. ಸಾಮಾನ್ಯ ವಾಚಕನ ಯೋಗ್ಯತೆಗೆ ಕನ್ನಡದಲ್ಲಿ ದೊರೆತ ಮೊಟ್ಟಮೊದಲ ಮನ್ನಣೆಯಿದು ಎಂದರೆ ತಪ್ಪಾಗಲಾರದು.

ಗಲಗಲಿಗೆ ಸಮೀಪದ ಮುಧೋಳವು ರನ್ನನ ಜನ್ಮಸ್ಥಳ. ಬಳೆಗಾರರ ಕುಲದಲ್ಲಿ ಹುಟ್ಟಿ ಚಕ್ರವರ್ತಿಯ ಆಸ್ಥಾನವನ್ನೇರಿದ ಈ ಕವಿಯು, 993ರಲ್ಲಿ ಮುಗಿಸಿದ ‘ಅಜಿತಪುರಾಣ’ದಲ್ಲಿ ಪರೀಕ್ಷಕರನ್ನು ಕುರಿತು ಆಡಿದ ಧೀರವಾದ ಮಾತೊಂದನ್ನು ಕನ್ನಡಿಗರು ಇಂದಿಗೂ ಮರೆತಿಲ್ಲ. ಆದಿಶೇಷನ ಹೆಡೆಯ ಮೇಲಣ ರತ್ನವನ್ನೂ ರನ್ನನ ಕೃತಿಯೆಂಬ ರತ್ನವನ್ನೂ ಪರೀಕ್ಷಿಸಲು ಮುಂದಾಗುವವನಿಗೆ ಅದೆಷ್ಟು ಗುಂಡಿಗೆಗಳಿರಬೇಕೆಂದು ಅವನು ಕೇಳುತ್ತಾನೆ. ಇದನ್ನು ಕವಿಯ ಗರ್ವೋಕ್ತಿಯೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ತನ್ನ ಕೃತಿಯನ್ನು ಕೈಗೆತ್ತಿಕೊಂಡು ನೋಡುವ ಪರೀಕ್ಷಕರು ಸುತ್ತಲೂ ಇರುವರೆಂಬ ಅರಿವಿಲ್ಲದ ಕವಿಯು ಇಂಥ ಸವಾಲನ್ನು ಹಾಕಲಾರನು. ಆ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತ ಅತ್ತಿಮಬ್ಬೆಯಾದರೋ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದ ಮಹಾಸಾಧ್ವಿ. ಕೃತಿಯನ್ನು ರಚಿಸುವವನು, ಪರೀಕ್ಷಿಸುವವನು, ಹಂಚುವವಳು ಎಂಬ ಮೂವರೂ ಹತ್ತನೆಯ ಶತಮಾನದ ಇದೇ ಸೀಮೆಯಲ್ಲಿ ಏಕಕಾಲಕ್ಕೆ ಕಾಣಿಸುವರೆಂಬುದು ಸಣ್ಣ ಸಂಗತಿಯಲ್ಲ.

ಗಲಗಲಿಯು ಗಾಲವ ಋಷಿಯ ತಪೋಭೂಮಿಯೆಂದು ಪರಂಪರೆಯಿಂದ ಪ್ರಸಿದ್ಧವಾದುದು. ವಿದ್ವತ್ತಿಗೂ ಅಷ್ಟೇ ಪ್ರಸಿದ್ಧವಾದುದು. ಹರಿದಾಸ ಸಾಹಿತ್ಯದಲ್ಲಿ ‘ಗಲಗಲಿ ಅವ್ವ’ನೆಂದೇ ಹೆಸರಾದ ಕವಯಿತ್ರಿಯ ಹಾಡುಗಳನ್ನು ಸ್ತ್ರೀಯರು ಮನೆಗಳಲ್ಲಿ ಹಾಡಿ ಹಾಡಿ ಉಳಿಸಿಕೊಂಡು ಬಂದರು. ಗಲಗಲಿ ಮನೆತನದ ರಾಮಾಚಾರ್ಯರೂ ಪಂಢರೀನಾಥಾಚಾರ್ಯರೂ ‘ಮಧುರವಾಣಿ’ ಎಂಬ ಸಂಸ್ಕೃತ ಪತ್ರಿಕೆಯ ಸಂಪಾದನೆಯಲ್ಲಿ ದುಡಿದರು. ಪಂಢರೀನಾಥಾಚಾರ್ಯರ ‘ಶ್ರೀಶಂಭುಲಿಂಗೇಶ್ವರವಿಜಯಚಂಪೂ’ ಕಾವ್ಯಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮೂಲಗ್ರಂಥಕ್ಕೆ ಟೀಕೆಯನ್ನೂ ಟೀಕೆಗೆ ಟಿಪ್ಪಣಿಯನ್ನೂ ಬರೆದು, ಒಂದು ತಲೆಮಾರಿನ ಓದನ್ನು ಮುಂದಿನದಕ್ಕೆ ಒಪ್ಪಿಸುತ್ತ ಬಂದ ಪಂಡಿತ ಪರಂಪರೆಯ ಊರಿದು. ಓದಿದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಾರದು, ಮತ್ತೊಬ್ಬರ ಉಪಯೋಗಕ್ಕೆ ಬರೆದಿಡಬೇಕೆಂಬ ಸಂಸ್ಕಾರ ಇಲ್ಲಿಯ ಮಣ್ಣಿನಲ್ಲಿಯೇ ಇದೆ.

ಪತ್ರಿಕೆಗಳು ಕಟ್ಟಿದ ಓದುಗಬಳಗ

ಆಧುನಿಕ ಕಾಲದಲ್ಲಿ ಈ ಸಂಸ್ಕಾರಕ್ಕೆ ಆಶ್ರಯ ದೊರೆತುದು ನಿಯತಕಾಲಿಕಗಳಲ್ಲಿ. ಧಾರವಾಡದಲ್ಲಿ 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಲ್ಲಿ ‘ವಾಗ್ಭೂಷಣ’ವನ್ನು ಹೊರಡಿಸಿತು. ದಕ್ಷಿಣದಲ್ಲಿ 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಪೋಷಣೆಯಿಂದ ‘ಪ್ರಬುದ್ಧ ಕರ್ಣಾಟಕ’ ಹುಟ್ಟಿತು. ಬೆಟಗೇರಿ ಕೃಷ್ಣಶರ್ಮರ ‘ಜಯಂತಿ’, 1944ರಿಂದ ಎರಡು ದಶಕಗಳ ಕಾಲ ಮಾಸ್ತಿಯವರು ನಡೆಯಿಸಿದ ‘ಜೀವನ’ ಮುಂತಾದ ಪತ್ರಿಕೆಗಳು ಹೊಸ ಗ್ರಂಥಗಳ ವಿಚಾರವನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿದವು. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾಗಿ, ಪಾ. ವೆಂ. ಆಚಾರ್ಯರ ದೀರ್ಘಕಾಲದ ಸಂಪಾದಕತ್ವದಲ್ಲಿ ಬೆಳೆದ ‘ಕಸ್ತೂರಿ’ಯು ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಕೊನೆಯ ಪುಟಗಳ ‘ಪುಸ್ತಕ ವಿಭಾಗ’ದಲ್ಲಿ ದೇಶವಿದೇಶಗಳ ಗ್ರಂಥಗಳ ಸಾರಸಂಗ್ರಹವನ್ನೇ ತಿಂಗಳು ತಿಂಗಳು ಕೊಟ್ಟಿತು. ಪರಭಾಷೆಗಳನ್ನರಿಯದ ಹಳ್ಳಿಯ ಶಿಕ್ಷಕನೂ ಅಂಚೆಯ ಮುನಷಿಯೂ ಕಾದಂಬರಿಯನ್ನೂ ಪ್ರವಾಸಕಥನವನ್ನೂ ವಿಜ್ಞಾನದ ವಿಷಯವನ್ನೂ ಸಮಾನ ಕುತೂಹಲದಿಂದ ಓದುವ ಅಭ್ಯಾಸವನ್ನು ಬೆಳೆಸಿಕೊಂಡುದರಲ್ಲಿ ಈ ವಿಭಾಗದ ಪಾತ್ರ ದೊಡ್ಡದು.

ಇವುಗಳೊಡನೆ ನೆನೆಯಬೇಕಾದ ಮತ್ತೊಂದು ಸಂಸ್ಥೆ ಧಾರವಾಡದ ಮನೋಹರ ಗ್ರಂಥಮಾಲೆ. 1933ರಲ್ಲಿ ಆರಂಭವಾದ ಈ ಮಾಲೆಯನ್ನು ಜಿ. ಬಿ. ಜೋಶಿಯವರು ಚಂದಾದಾರರ ವಿಶ್ವಾಸವನ್ನೇ ಬಂಡವಾಳವಾಗಿಟ್ಟುಕೊಂಡು ಬೆಳೆಸಿದರು. ಮುಂದೆ ಬರಲಿರುವ ಪುಸ್ತಕವನ್ನು ಕಾಣದೆಯೇ ಅದಕ್ಕೆ ಹಣ ಕೊಡುವವನು ಚಂದಾದಾರ; ಅವನನ್ನು ಒಪ್ಪಿಸಿದ್ದು ಬಹುಮಟ್ಟಿಗೆ ಅವನ ನೆರೆಯವನೋ ಸ್ನೇಹಿತನೋ ಆಡಿದ “ಇದನ್ನ ಓದ್ರಿ, ಛಲೋ ಐತಿ” ಎಂಬ ಎರಡು ಮಾತು. ಅಚ್ಚಾಗದೆ ಬಾಯಿಂದ ಬಾಯಿಗೆ ಸಾಗಿದ ಇಂಥ ವಿಮರ್ಶೆಗಳೇ ಉತ್ತರ ಕರ್ನಾಟಕದ ಗ್ರಂಥೋದ್ಯಮವನ್ನು ಅದರ ಬಡತನದ ದಿನಗಳಲ್ಲಿ ಎತ್ತಿಹಿಡಿದುವು.

ಪರದೇಶದ ಪದ್ಧತಿಯೊಂದನ್ನು ಇಲ್ಲಿ ಹೋಲಿಸಿ ನೋಡಬಹುದು. ಲಂಡನ್ನಿನಲ್ಲಿ 1902ರಲ್ಲಿ ಆರಂಭವಾದ ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ ಎಂಬ ವಿಮರ್ಶಾಪತ್ರಿಕೆಯು 1974ರವರೆಗೆ ತನ್ನ ವಿಮರ್ಶಕರ ಹೆಸರನ್ನು ಪ್ರಕಟಿಸುತ್ತಿರಲಿಲ್ಲ. ಮಾತಿಗೆ ತೂಕ ಬರಬೇಕಾದುದು ಪತ್ರಿಕೆಯ ಪ್ರತಿಷ್ಠೆಯಿಂದ, ವ್ಯಕ್ತಿಯಿಂದಲ್ಲವೆಂಬುದು ಅಲ್ಲಿಯ ಭಾವನೆ. ನಮ್ಮ ಚಿಕ್ಕ ಪರಿಚಯಗಳ ಕೆಳಗಾದರೋ ಹೆಸರೂ ಅನೇಕವೇಳೆ ಊರೂ ಇರುತ್ತವೆ. ನಾಳೆ ಸಂತೆಯಲ್ಲಿ ಎದುರಾಗಿ “ನೀವು ಹೇಳಿದ್ರಿ ಅಂತ ತರಿಸಿದೆ” ಎಂದು ಕೇಳಬಲ್ಲ ವಾಚಕನ ಮುಂದೆ ಬರೆಯುವವನು, ತನ್ನ ಮಾತಿಗೆ ತಾನೇ ಹೊಣೆಯಾಗುವನು. ಸಾಕ್ಷ್ಯಕ್ಕೆ ಬೇಕಾದುದು ಇಂಥ ಹೊಣೆಯೇ.

ಇನ್ನೂರು ಶಬ್ದಗಳ ಶಿಸ್ತು

ಈ ಬರೆಹದ ಕಷ್ಟವು ಅದರ ಕಿರಿದಾದ ಅಳತೆಯಲ್ಲಿಯೇ ಇದೆ. ವಿಸ್ತಾರವಾದ ವಿಮರ್ಶೆಯಲ್ಲಿ ಪೀಠಿಕೆಗೆ ಒಂದು ಪುಟ, ಪೂರ್ವಪಕ್ಷಕ್ಕೆ ಒಂದು ಪುಟ ಮೀಸಲಿಡಬಹುದು. ಇಲ್ಲಿ ಮೊದಲನೆಯ ವಾಕ್ಯದಲ್ಲಿಯೇ ಗ್ರಂಥವು ಏನೆಂಬುದು ಖಚಿತವಾಗಬೇಕು. ರಬಕವಿ-ಬನಹಟ್ಟಿಯ ಸೀರೆಯನ್ನು ಕೊಳ್ಳಬಂದವರು ಇಡಿಯ ಸೀರೆಯನ್ನು ಬಿಚ್ಚಿ ನೋಡುವ ಮೊದಲೇ ಸೆರಗನ್ನೂ ದಡಿಯನ್ನೂ ಬೆರಳುಗಳ ನಡುವೆ ಹಿಡಿದು ನೂಲಿನ ಹದವನ್ನು ಅರಿಯುವಂತೆ, ಒಳ್ಳೆಯ ಪರಿಚಯವು ಗ್ರಂಥದ ಹದವನ್ನು ಅದರ ಒಂದೇ ಅಂಚಿನಿಂದ ತಿಳಿಸಬೇಕು. ಅದಕ್ಕೆ ಬೇಕಾದ ಅಂಗಗಳು ನಾಲ್ಕು: ಗ್ರಂಥದ ವಸ್ತುವೇನು, ಕರ್ತೃವು ಅದನ್ನು ಹೇಗೆ ನಿರ್ವಹಿಸಿರುವನು, ಓದಿದವನ ಮೇಲೆ ಆದ ಪರಿಣಾಮವೇನು, ಯಾರು ಇದನ್ನು ಓದಬೇಕು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ವಾಚಕನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ಅದೇ.

ಕಥಾಸಾಹಿತ್ಯಕ್ಕೂ ಇತರ ಗದ್ಯಕ್ಕೂ ಈ ಅಂಗಗಳ ಪ್ರಮಾಣ ಬೇರೆಬೇರೆ. ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ತೆಗೆದುಕೊಳ್ಳೋಣ. 1957ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆಯನ್ನು ಸಂಗ್ರಹಿಸಿ ಹೇಳಹೊರಟರೆ ಇನ್ನೂರು ಶಬ್ದಗಳು ಪಾತ್ರಗಳ ಹೆಸರಿಗೂ ಸಾಲವು. ಹೇಳಿದ್ದರಿಂದ ಓದುವವನ ಕುತೂಹಲವೂ ನಷ್ಟವಾಗುವುದು. ಒಬ್ಬ ನಾಯಕನ ಬದಲು ಪಾದಳ್ಳಿಯೆಂಬ ಒಂದು ಊರೇ ಇಲ್ಲಿ ನಾಯಕಸ್ಥಾನದಲ್ಲಿ ನಿಂತು, ಒಳಗಿನ ದ್ವೇಷಗಳಿಂದ ಕುಸಿಯುವುದೆಂದು ಒಂದು ವಾಕ್ಯ. ಇಲ್ಲಿಯ ಆಡುಮಾತಿನ ಸೊಗಸು ನಮ್ಮ ಸೀಮೆಯವರಿಗೆ ಮನೆಯದೇ ಎನಿಸುವುದೆಂದು ಮತ್ತೊಂದು. ಹಳ್ಳಿಯ ಪಂಚಾಯಿತಿಕೆಯಲ್ಲಿ ತೊಡಗಿದವರು ಇದನ್ನು ಅವಶ್ಯವಾಗಿ ಓದಬೇಕೆಂದು ಇನ್ನೊಂದು: ಇಷ್ಟಾದರೆ ಪರಿಚಯವು ತನ್ನ ಕರ್ತವ್ಯವನ್ನು ಮಾಡಿದಂತೆಯೇ.

ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳನ್ನು ಪರಿಚಯಿಸುವವನ ಎದುರಿಗೆ ಬೇರೊಂದು ಸಮಸ್ಯೆ. ಅವರ ‘ಸನಾದಿ ಅಪ್ಪಣ್ಣ’ವು 1977ರಲ್ಲಿ ಚಲನಚಿತ್ರವಾಗಿ, ರಾಜಕುಮಾರರ ಅಭಿನಯದಿಂದಲೂ ಬಿಸ್ಮಿಲ್ಲಾ ಖಾನರ ಶಹನಾಯಿಯಿಂದಲೂ ಮನೆಮಾತಾಯಿತು, ‘ಧರ್ಮದೇವತೆ’ಯು 1962ರಲ್ಲಿಯೇ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಹೆಸರಿನಿಂದ ತೆರೆಯನ್ನು ಕಂಡಿತ್ತು. ಚಿತ್ರವನ್ನು ನೋಡಿದವನಿಗೆ ಪುಸ್ತಕದಲ್ಲಿ ಹೊಸದಾಗಿ ದೊರೆಯುವುದೇನೆಂದು ಹೇಳುವುದೇ ಅಲ್ಲಿ ಪರಿಚಯಕಾರನ ಮೊದಲ ಕೆಲಸ. ಪುರಾಣಿಕರನ್ನು ಮಹಿಳೆಯರು ವಿಶೇಷವಾಗಿ ಆದರದಿಂದ ಓದಿದರು. ಪಂಡಿತರ ವಿಮರ್ಶೆ ಅವರ ಕಡೆಗೆ ಕಣ್ಣುಹಾಯಿಸಿದ್ದು ಕಡಿಮೆ. ಮನೆಗೆಲಸ ಮುಗಿಸಿ ಮಧ್ಯಾಹ್ನದ ವಿರಾಮದಲ್ಲಿ ಅವರನ್ನು ಓದಿದ ವಾಚಕಿಯರು ತಮ್ಮ ಅಭಿಪ್ರಾಯವನ್ನು ಬರೆದಿಟ್ಟಿದ್ದಲ್ಲಿ, ಕನ್ನಡ ಜನಪ್ರಿಯ ಕಾದಂಬರಿಯ ಚರಿತ್ರೆಗೆ ಅದಕ್ಕಿಂತ ಪ್ರಮಾಣಭೂತವಾದ ಆಧಾರ ಬೇರೊಂದಿರುತ್ತಿರಲಿಲ್ಲ.

ಕಥೆಯಲ್ಲದ ಗ್ರಂಥಗಳಲ್ಲಿ ಪರಿಚಯಕಾರನ ಹೊಣೆ ಇನ್ನೂ ಹೆಚ್ಚು. ವಿಜಯಪುರದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಕು ಕಂಡಿತು. ಮನೆಮನೆ ಅಲೆದು ಓಲೆಯ ಕಟ್ಟುಗಳನ್ನು ಒಟ್ಟುಗೂಡಿಸಿದ ಆ ಪರಿಶ್ರಮವನ್ನರಿಯದೆ ಅದನ್ನು ಕೈಗೆತ್ತಿಕೊಂಡವನಿಗೆ ಅದು ಕೇವಲ ಒಂದು ಸಂಕಲನವೆಂದು ತೋರುವುದು. ಆ ಹಿನ್ನೆಲೆಯನ್ನು ಒಂದು ವಾಕ್ಯದಲ್ಲಿ ತಿಳಿಸಿದರೆ ಗ್ರಂಥವನ್ನು ಹಿಡಿಯುವ ಕೈಯೇ ವಿನಯದಿಂದ ಹಿಡಿಯುವುದು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಮತ್ತೊಂದು ಬಗೆಯದು. ಕೇಂದ್ರ ಸಾಹಿತ್ಯ ಅಕಾಡೆಮಿಯು 1978ರಲ್ಲಿ ಪುರಸ್ಕರಿಸಿದ ಈ ಗ್ರಂಥವನ್ನು ಸಸ್ಯಶಾಸ್ತ್ರದ ಪುಸ್ತಕವೆಂದು ಪರಿಚಯಿಸಿದರೆ ವಿದ್ಯಾರ್ಥಿಗಳಲ್ಲದವರು ದೂರ ಸರಿಯುವರು. ವಿನೋದದ ಪುಸ್ತಕವೆಂದರೆ ಅದರ ಶಾಸ್ತ್ರೀಯತೆಗೆ ಅನ್ಯಾಯವಾಗುವುದು. ಅಧ್ಯಾಪಕನೊಬ್ಬನು ಶಿಷ್ಯರೊಡನೆ ಕಾಡು ಸುತ್ತುತ್ತ, ತಾನೇ ಬಿಡಿಸಿದ ಚಿತ್ರಗಳ ಸಹಾಯದಿಂದ ಗಿಡಮರಗಳ ಗುರುತು ಹೇಳಿಕೊಡುವ ಪ್ರವಾಸದ ಬರೆಹವೆಂದರೆ, ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತು ಗಿಡಗಳನ್ನು ನೋಡುವ ರೈತನಿಗೂ ಇದು ತನ್ನ ಪುಸ್ತಕವೆಂದು ತಿಳಿಯುವುದು.

ಈ ಕಲೆಯ ದೋಷಗಳನ್ನೂ ಹೇಳಬೇಕು. ಬೆನ್ನುಡಿಯಲ್ಲಿರುವುದನ್ನೇ ವಾಕ್ಯ ಬದಲಿಸಿ ಬರೆಯುವುದು, ಕರ್ತೃವಿನ ಸ್ನೇಹಕ್ಕಾಗಿ ಹೊಗಳುವುದು, ಮುದ್ರಣದೋಷಗಳ ಎಣಿಕೆಯನ್ನೇ ವಿಮರ್ಶೆಯೆಂದು ಭ್ರಮಿಸುವುದು, ಯಾವ ಗ್ರಂಥಕ್ಕಾದರೂ ಸಲ್ಲುವ ‘ಸಂಗ್ರಹಯೋಗ್ಯ ಕೃತಿ’ ಎಂಬ ಮಾತಿನಿಂದ ಮುಗಿಸುವುದು ಇವುಗಳಲ್ಲಿ ಮುಖ್ಯವಾದವು. ಎಲ್ಲಕ್ಕಿಂತ ದೊಡ್ಡದು ಓದದೆ ಬರೆಯುವುದು, ಅದು ಸುಳ್ಳುಸಾಕ್ಷಿ. ಇಷ್ಟವಾಗದ ಪುಸ್ತಕವನ್ನು ಇಷ್ಟವಾಗಲಿಲ್ಲವೆಂದು ಕಾರಣಸಹಿತವಾಗಿ, ಸೌಜನ್ಯದ ಎಲ್ಲೆಯನ್ನು ಮೀರದೆ ಹೇಳಬಲ್ಲವನ ಹೊಗಳಿಕೆಗೆ ಮಾತ್ರವೇ ಬೆಲೆಯಿರುತ್ತದೆ.

ಊರ ಗ್ರಂಥಾಲಯದಲ್ಲಿ ಒಂದು ವಹಿ

1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಿಂದ ರಾಜ್ಯದ ಗ್ರಂಥಾಲಯಗಳಿಗೆ ಕಾಯಿದೆಯ ಆಧಾರ ದೊರೆಯಿತು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದಿವೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಗ್ರಾಮಾಂತರದ ಮಕ್ಕಳು ಶುಲ್ಕವಿಲ್ಲದೆ ಸದಸ್ಯರಾದರು. ಪುಸ್ತಕವೂ ಬಂದಿತು, ವಾಚಕರೂ ಬಂದರು. ಕಪಾಟಿನ ಮುಂದೆ ನಿಂತ ಹುಡುಗಿಗೆ ಯಾವುದನ್ನು ಎತ್ತಿಕೊಳ್ಳಬೇಕೆಂದು ಹೇಳುವವರು ಮಾತ್ರ ಬೇಕಾಗಿದ್ದಾರೆ. ದಪ್ಪ ರಟ್ಟಿನ ವಹಿಯೊಂದನ್ನು ಮೇಜಿನ ಮೇಲಿರಿಸಿ, ಪುಸ್ತಕವನ್ನು ಹಿಂದಿರುಗಿಸುವವರು ಅದರಲ್ಲಿ ನಾಲ್ಕು ವಾಕ್ಯಗಳನ್ನು ಬರೆದು ಹೆಸರು ಹಾಕಿ ಹೋಗುವ ರೂಢಿಯನ್ನು ಗಲಗಲಿಯಲ್ಲಿ, ಬೀಳಗಿಯಲ್ಲಿ, ಜಮಖಂಡಿಯ ಹಳ್ಳಿಗಳಲ್ಲಿ ಆರಂಭಿಸುವುದಕ್ಕೆ ಸರಕಾರದ ಆಜ್ಞೆಯೂ ಬೇಡ, ದಾನಿಗಳ ನೆರವೂ ಬೇಡ. ಮಗ್ಗದ ಕೆಲಸದವನ ಅಭಿಪ್ರಾಯದ ಕೆಳಗೆ ಅಧ್ಯಾಪಕನದು, ಅದರ ಕೆಳಗೆ ಎಂಟನೆಯ ತರಗತಿಯ ಬಾಲಕಿಯದು ಹೀಗೆ ಸಾಲುಗಟ್ಟಿದರೆ, ಆ ಊರು ಯಾವ ಪುಸ್ತಕವನ್ನು ಯಾವ ಕಾಲದಲ್ಲಿ ಏಕೆ ಪ್ರೀತಿಸಿತೆಂಬುದಕ್ಕೆ ಆ ವಹಿಯೇ ದಾಖಲೆಯಾಗುವುದು; ಮುಂದೆ ಯಾವ ಪುಸ್ತಕಗಳನ್ನು ತರಿಸಬೇಕೆಂಬುದಕ್ಕೆ ಗ್ರಂಥಪಾಲಕರಿಗೆ ಮಾರ್ಗದರ್ಶಿಯೂ ಆಗುವುದು. ಬರೆಯಲು ಪಾಂಡಿತ್ಯ ಬೇಕೆಂದು ಯಾರೂ ಹಿಂಜರಿಯಬೇಕಾದುದಿಲ್ಲ. ಕೊನೆಯ ಪುಟದವರೆಗೆ ಓದಿರಬೇಕು, ಅನ್ನಿಸಿದ್ದನ್ನೇ ಬರೆಯಬೇಕು, ಬರೆದುದರ ಕೆಳಗೆ ತನ್ನ ಹೆಸರನ್ನು ಹಾಕಬೇಕು. ಈ ಮೂರು ನಿಯಮಗಳನ್ನು ಪಾಲಿಸುವ ಪ್ರತಿಯೊಬ್ಬ ವಾಚಕನೂ ಕನ್ನಡ ಸಾಹಿತ್ಯದ ಪರೀಕ್ಷಕರ ಸಾಲಿನಲ್ಲಿ ನಿಲ್ಲಲು ಅರ್ಹನು.