ಕತ್ತರಿಸಿದರೂ ಸಾಯದ ಕಾರ್ಡ್

ಅಪ್ಪನದು ಅರಸೀಕೆರೆಯಲ್ಲಿ ಪುಟ್ಟ ಟೈಲರಿಂಗ್ ಅಂಗಡಿ. ಅಲ್ಲಿರುವ ದೊಡ್ಡ ಕತ್ತರಿಯನ್ನು ಬಟ್ಟೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಹಾಗಿದ್ದರೂ ಮೂರು ವರ್ಷದ ಹಿಂದೆ ಊರಿಗೆ ಬಂದಿದ್ದ ಅಕ್ಕ, ಅದೇ ಕತ್ತರಿ ತೆಗೆದು ತನ್ನ ಕ್ರೆಡಿಟ್ ಕಾರ್ಡನ್ನು ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದಳು. ‘ಪೀಡೆ ತೊಲಗಿತು’ ಅಂದಳು. ಅಪ್ಪ ಕತ್ತರಿಯ ಬಾಯಿ ಹೋಯಿತೇನೋ ಎಂದು ಬೆಳಕಿಗೆ ಹಿಡಿದು ನೋಡಿದರೇ ಹೊರತು, ಕಾರ್ಡಿನ ಬಗ್ಗೆ ನಾವ್ಯಾರೂ ಮತ್ತೆ ಯೋಚಿಸಲಿಲ್ಲ.

ಅದು ಮತ್ತೆ ಎದುರಾದದ್ದು ಕಳೆದ ವರ್ಷ ಆಗಸ್ಟ್‌ನಲ್ಲಿ, ಬ್ಯಾಂಕ್ ಮ್ಯಾನೇಜರ್ ಟೇಬಲ್ಲಿನ ಮುಂದೆ. ನನ್ನ ಬಿ.ಇ. ಮೂರನೇ ವರ್ಷದ ಶುಲ್ಕ, ಹಾಸ್ಟೆಲ್ ಸೇರಿ 1 ಲಕ್ಷ 40 ಸಾವಿರ ಬೇಕಿತ್ತು. ಅಪ್ಪನ ಆದಾಯಕ್ಕೆ ಕಾಗದಪತ್ರ ಇಲ್ಲ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುವ ಅಕ್ಕನನ್ನೇ ಶಿಕ್ಷಣ ಸಾಲಕ್ಕೆ ಸಹ ಅರ್ಜಿದಾರಳನ್ನಾಗಿ ಮಾಡಿದ್ದೆವು. ಮ್ಯಾನೇಜರ್ ಕಂಪ್ಯೂಟರ್ ಪರದೆ ನೋಡುತ್ತಾ, ‘ಏನಮ್ಮಾ, 20 ತಿಂಗಳಿಂದ ಒಂದು ಕಾರ್ಡ್ ಬಾಕಿ ಉಳಿಸಿಕೊಂಡಿದ್ದೀಯಲ್ಲ?’ ಅಂದರು. ಅಕ್ಕ ನಕ್ಕೇಬಿಟ್ಟಳು. ‘ಆ ಕಾರ್ಡೇ ಇಲ್ಲ ಸಾರ್, ಕತ್ತರಿಸಿ ಹಾಕಿದೀನಿ’ ಅಂದಳು. ‘ಕತ್ತರಿಸಿದ್ದು ಪ್ಲಾಸ್ಟಿಕ್ಕನ್ನಮ್ಮ, ಖಾತೆ ಹಾಗೇ ಇದೆ’ ಎಂದರು ಅವರು. ಅವಳ ಸಿಬಿಲ್ ಸ್ಕೋರ್ 612 ಇತ್ತು. ಸಾಲ ಸಿಗಲಿಲ್ಲ. ಶುಲ್ಕದ ಕೊನೆಯ ದಿನಕ್ಕೆ ಒಂಬತ್ತು ದಿನ ಉಳಿದಿತ್ತು. ಅಮ್ಮ ಮಾತಾಡದೆ ಎರಡೂ ಬಳೆ ಬಿಚ್ಚಿಕೊಟ್ಟರು. ಅವು ಸೊಸೈಟಿಯ ತಿಜೋರಿ ಸೇರಿದವು.

ಅವತ್ತಿನಿಂದ ನಾನು ಈ ವಿಷಯ ಓದಲು ಶುರುಮಾಡಿದೆ. ಕ್ಯಾಂಪಸ್ ಸಂದರ್ಶನ ಮುಗಿಸಿ, ಮೊದಲ ಸಂಬಳ ಕೈಗೆ ಬರುವ ಹೊತ್ತಿಗೆ ನಮಗೆಲ್ಲ ಕಾರ್ಡ್ ಮಾರುವವರ ಫೋನ್ ಬಂದೇ ಬರುತ್ತದೆ. ಅದಕ್ಕೆ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

590 ರೂಪಾಯಿ ಬೆಳೆದ ಬಗೆ

ಅಕ್ಕನಿಗೆ ಕಾರ್ಡ್ ಕೊಟ್ಟದ್ದು ಅವಳ ಆಫೀಸಿನ ಕ್ಯಾಂಟೀನಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗ. ‘ಲೈಫ್‌ಟೈಮ್ ಫ್ರೀ ಮೇಡಂ’ ಅಂದಿದ್ದ. ಕಾಗದದಲ್ಲಿ ಇದ್ದದ್ದು ಮೊದಲ ವರ್ಷ ಮಾತ್ರ ಉಚಿತ ಎಂದು. ಅವಳು ಎರಡು ಸಲ ಬಳಸಿ, ಪೂರ್ತಿ ಬಿಲ್ ಕಟ್ಟಿ, ಆಮೇಲೆ ಕತ್ತರಿಸಿದಳು. ಎರಡನೇ ವರ್ಷ ಶುರುವಾದಾಗ 500 ರೂಪಾಯಿ ವಾರ್ಷಿಕ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 590 ರೂಪಾಯಿ ಬಿದ್ದಿತು. ಅಷ್ಟರಲ್ಲಿ ಅವಳು ಕೆಲಸ ಬದಲಿಸಿದ್ದಳು. ಬಿಲ್ ಹೋಗುತ್ತಿದ್ದದ್ದು ಹಳೆಯ ಕಂಪನಿಯ ಇಮೇಲ್‌ಗೆ, ಮೆಸೇಜ್ ಹೋಗುತ್ತಿದ್ದದ್ದು ಬಿಟ್ಟುಬಿಟ್ಟ ಸಿಮ್‌ಗೆ. ಕಟ್ಟದ ಬಿಲ್ಲಿಗೆ ವಿಳಂಬ ಶುಲ್ಕ, ಅದಕ್ಕೆ ಬಡ್ಡಿ, ಎರಡಕ್ಕೂ ಜಿಎಸ್‌ಟಿ, ಮರುವರ್ಷ ಇನ್ನೊಂದು ವಾರ್ಷಿಕ ಶುಲ್ಕ. ಹೀಗೆ ಬೆಳೆದು ಒಂಬತ್ತು ಸಾವಿರ ದಾಟಿತ್ತು.

ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು, ಗ್ರಾಹಕರಿಗೆ ತಿಳಿಸಿ ಬ್ಯಾಂಕೇ ಮುಚ್ಚುವ ಪ್ರಕ್ರಿಯೆ ಆರಂಭಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 30 ದಿನದೊಳಗೆ ಉತ್ತರ ಬರದಿದ್ದರೆ ಖಾತೆ ಮುಚ್ಚಬೇಕು. ಆದರೆ ಬಾಕಿ ಇದ್ದರೆ ಮುಚ್ಚುವುದಿಲ್ಲ. ಅಕ್ಕನ ಕಾರ್ಡಿಗೆ ಆ ವರ್ಷ ತುಂಬುವ ಮೊದಲೇ 590 ರೂಪಾಯಿ ಬಾಕಿ ಕೂತಿತ್ತು.

ಸ್ಕೋರ್ ಅಂದರೆ ಏನು?

ನಮ್ಮ ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾವು ಪಡೆದ ಸಾಲ, ಕಾರ್ಡ್, ಕಂತು ಕಟ್ಟಿದ ದಿನ, ತಪ್ಪಿಸಿದ ದಿನ ಎಲ್ಲವನ್ನೂ ಬ್ಯಾಂಕುಗಳು ಇವಕ್ಕೆ ಕಳಿಸುತ್ತವೆ. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750ರ ಮೇಲಿದ್ದರೆ ಸಾಮಾನ್ಯವಾಗಿ ಬ್ಯಾಂಕಿನವರು ಒಳ್ಳೆಯದು ಎನ್ನುತ್ತಾರೆ. ಸಾಲವನ್ನೇ ಮಾಡದ ನಮ್ಮಂಥ ವಿದ್ಯಾರ್ಥಿಗಳ ಸ್ಕೋರ್ ಸೊನ್ನೆ ಅಲ್ಲ, ‘ಇತಿಹಾಸವಿಲ್ಲ’ ಎಂದಷ್ಟೇ ಅರ್ಥ.

ಇದು ಸಾಲ ಬೇಕಾದವರ ವಿಷಯ ಮಾತ್ರ ಅಂದುಕೊಳ್ಳಬೇಡಿ. ಬ್ಯಾಂಕ್ ಹುದ್ದೆಗಳ ಅಧಿಸೂಚನೆಗಳನ್ನು ಗಮನವಿಟ್ಟು ಓದಿ. ಕೆಲಸಕ್ಕೆ ಸೇರುವಾಗ ಅಭ್ಯರ್ಥಿಯ ಸಾಲದ ಇತಿಹಾಸ ಚೆನ್ನಾಗಿರಬೇಕು ಎಂಬ ಷರತ್ತು ಅಲ್ಲಿರುತ್ತದೆ. ಐಬಿಪಿಎಸ್‌ಗೆ ಎರಡು ವರ್ಷ ಓದಿದವರು ಮರೆತುಹೋದ ಒಂದು ಕಾರ್ಡಿನಿಂದ ತೊಂದರೆಗೆ ಸಿಲುಕಬಹುದು. ಮೊಬೈಲ್ ಆ್ಯಪ್‌ಗಳಲ್ಲಿ ಸಿಗುವ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಸಾಲಗಳೂ ಅನೇಕ ಸಲ ಇದೇ ವರದಿಗೆ ಸೇರುತ್ತವೆ.

ಅರ್ಜಿ ಹಾಕುವ ಮೊದಲು

ನನ್ನ ಹಾಸ್ಟೆಲ್ ಗೆಳೆಯನೊಬ್ಬ ಇಂಟರ್ನ್‌ಶಿಪ್ ಸಿಕ್ಕ ಖುಷಿಯಲ್ಲಿ ಒಂದೇ ವಾರದಲ್ಲಿ ನಾಲ್ಕು ಕಡೆ ಕಾರ್ಡಿಗೆ ಅರ್ಜಿ ಹಾಕಿದ. ‘ನಾಲ್ಕರಲ್ಲಿ ಒಂದಾದರೂ ಸಿಗುತ್ತಲ್ಲ’ ಎಂಬುದು ಅವನ ಲೆಕ್ಕ. ನಾಲ್ಕೂ ತಿರಸ್ಕೃತವಾದವು. ನಾವು ಅರ್ಜಿ ಹಾಕಿದಾಗೆಲ್ಲ ಬ್ಯಾಂಕ್ ನಮ್ಮ ವರದಿಯನ್ನು ತರಿಸಿಕೊಳ್ಳುತ್ತದೆ. ಅದು ‘ವಿಚಾರಣೆ’ ಎಂದು ದಾಖಲಾಗುತ್ತದೆ. ಸ್ವಲ್ಪ ದಿನದಲ್ಲೇ ಹಲವು ವಿಚಾರಣೆ ಕಂಡರೆ, ಈ ಮನುಷ್ಯನಿಗೆ ಹಣದ ಅಡಚಣೆ ಇದೆ ಎಂದು ಮುಂದಿನ ಬ್ಯಾಂಕ್ ಭಾವಿಸುತ್ತದೆ. ಸ್ಕೋರ್ ಕೂಡ ಇಳಿಯುತ್ತದೆ. ಆದ್ದರಿಂದ ಮೊದಲು ನಿಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಅರ್ಹತೆ ವಿಚಾರಿಸಿ. ಒಂದೇ ಕಡೆ ಅರ್ಜಿ ಹಾಕಿ. ಸಿಗದಿದ್ದರೆ ಕಾರಣ ಕೇಳಿ, ಕೆಲವು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಿ.

ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಸ್ಕೋರ್ ಕಡಿಮೆಯಾಗುತ್ತದೆ ಎಂಬ ಮಾತು ನಮ್ಮ ಕ್ಲಾಸಿನಲ್ಲೂ ಇತ್ತು. ಅದು ಸುಳ್ಳು. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಮೂರು ತಿಂಗಳಿಗೊಂದು ಕಂಪನಿಯಂತೆ ಕೇಳಿದರೆ ವರ್ಷವಿಡೀ ಕಾಸು ಖರ್ಚಿಲ್ಲದೆ ಕಣ್ಣಿಟ್ಟಿರಬಹುದು.

ಆದಾಯವಿಲ್ಲದ ವಿದ್ಯಾರ್ಥಿಗೆ ಇನ್ನೊಂದು ದಾರಿ ಇದೆ, ನಿಶ್ಚಿತ ಠೇವಣಿಯ ಮೇಲೆ ಸಿಗುವ ಕಾರ್ಡ್. ನಾನು ಇಂಟರ್ನ್‌ಶಿಪ್‌ನಲ್ಲಿ ಉಳಿಸಿದ 20 ಸಾವಿರವನ್ನು ಎಫ್‌ಡಿ ಇಟ್ಟೆ. ಅದರ ಮೇಲೆ 16 ಸಾವಿರ ಮಿತಿಯ ಕಾರ್ಡ್ ಕೊಟ್ಟರು. ಮೊಬೈಲ್ ರೀಚಾರ್ಜ್, ಊರಿಗೆ ಹೋಗುವ ಟಿಕೆಟ್, ಪುಸ್ತಕ, ಇಷ್ಟಕ್ಕೆ ಮಾತ್ರ ಬಳಸುತ್ತೇನೆ. ಎಫ್‌ಡಿಗೆ ಬಡ್ಡಿ ಬರುತ್ತಿರುತ್ತದೆ, ನನ್ನ ಇತಿಹಾಸವೂ ಶುರುವಾಗಿದೆ.

ಕಾರ್ಡ್ ಬಂದ ಮೇಲೂ ಮನಸ್ಸು ಬದಲಿಸಲು ಅವಕಾಶವಿದೆ. ಬಂದ ಕಾರ್ಡನ್ನು 30 ದಿನಕ್ಕಿಂತ ಹೆಚ್ಚು ಕಾಲ ಸಕ್ರಿಯಗೊಳಿಸದಿದ್ದರೆ ಬ್ಯಾಂಕ್ ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು. ಒಪ್ಪದಿದ್ದರೆ ಶುಲ್ಕವಿಲ್ಲದೆ ಖಾತೆ ಮುಚ್ಚಬೇಕು. ಹಾಗಾಗಿ ಆ ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಕೇಳದೇ ಕಾರ್ಡ್ ಕಳಿಸುವುದನ್ನೂ ರಿಸರ್ವ್ ಬ್ಯಾಂಕ್ ನಿಷೇಧಿಸಿದೆ.

ಮಿತಿ, ಬಿಲ್, ಕನಿಷ್ಠ ಮೊತ್ತ

ಕಾರ್ಡಿನ ಒಟ್ಟು ಮಿತಿಯಲ್ಲಿ ಎಷ್ಟು ಭಾಗ ಬಳಸುತ್ತೀರಿ ಎಂಬುದನ್ನೂ ಸ್ಕೋರ್ ನೋಡುತ್ತದೆ. ಶೇ 30ರೊಳಗೆ ಇರಲಿ ಎಂಬುದು ರೂಢಿಯ ಮಾತು. ನನ್ನ 16 ಸಾವಿರದ ಕಾರ್ಡಿನಲ್ಲಿ 4,800 ರೂಪಾಯಿ ನನ್ನ ಗೆರೆ.

ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ಚಿಕ್ಕ ಮೊತ್ತ ಇರುತ್ತದೆ. ಅದನ್ನು ಕಟ್ಟಿದರೆ ವಿಳಂಬ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ 3ಕ್ಕೂ ಹೆಚ್ಚು ಬಡ್ಡಿ ಇದೆ. ಅಂದರೆ ವರ್ಷಕ್ಕೆ ಶೇ 36ರ ಮೇಲೆ. ಸೊಸೈಟಿಯ ಚಿನ್ನದ ಸಾಲಕ್ಕಿಂತ ಇದು ಎಷ್ಟೋ ಪಟ್ಟು ದುಬಾರಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರೆ ಮೊದಲ ದಿನದಿಂದಲೇ ಬಡ್ಡಿ. ಕೊನೆಯ ದಿನ ಕಳೆದು ಮೂರು ದಿನದೊಳಗೆ ಕಟ್ಟಿದರೆ ‘ಬಾಕಿದಾರ’ ಎಂದು ವರದಿ ಮಾಡುವಂತಿಲ್ಲ. ಆದರೆ ಅದನ್ನು ನಂಬಿಕೊಂಡು ಕೂರುವುದಕ್ಕಿಂತ ಪೂರ್ತಿ ಬಿಲ್ಲಿಗೆ ಆಟೋ ಪೇ ಹಾಕುವುದು ಲೇಸು.

ಸರಿಯಾಗಿ ಮುಚ್ಚುವುದು ಹೇಗೆ?

ಮೊದಲ ಪ್ರಶ್ನೆ, ಮುಚ್ಚಲೇಬೇಕೇ? ಒಂದು ಲೆಕ್ಕ ನೋಡಿ. ಒಬ್ಬರ ಬಳಿ 60 ಸಾವಿರ ಮತ್ತು 40 ಸಾವಿರ ಮಿತಿಯ ಎರಡು ಕಾರ್ಡಿವೆ. ತಿಂಗಳ ಖರ್ಚು 24 ಸಾವಿರ. ಬಳಕೆ ಶೇ 24. ದೊಡ್ಡ ಕಾರ್ಡನ್ನು ಮುಚ್ಚಿದ ತಕ್ಷಣ ಅದೇ ಖರ್ಚು ಶೇ 60 ಆಗುತ್ತದೆ. ಒಂದು ರೂಪಾಯಿಯೂ ಹೆಚ್ಚು ಖರ್ಚು ಮಾಡದೆ ಸ್ಕೋರ್ ಇಳಿಯಬಹುದು. ಹಳೆಯ ಖಾತೆಗೆ ಬೆಲೆ ಹೆಚ್ಚು. ಹಾಗಾಗಿ ಶುಲ್ಕವಿಲ್ಲದ ಹಳೆಯ ಕಾರ್ಡನ್ನು ಇಟ್ಟುಕೊಂಡು, ಆಗೊಮ್ಮೆ ಈಗೊಮ್ಮೆ ಸಣ್ಣ ಖರ್ಚಿಗೆ ಬಳಸಿ. ಶುಲ್ಕ ತಿನ್ನುವ, ಬೇಡವಾದ ಹೊಸ ಕಾರ್ಡನ್ನು ಮುಚ್ಚಿ. ಮುಚ್ಚುವ ಮೊದಲು ಶುಲ್ಕ ಮನ್ನಾ ಮಾಡುತ್ತೀರಾ, ಶುಲ್ಕವಿಲ್ಲದ ಕಾರ್ಡಿಗೆ ಬದಲಿಸುತ್ತೀರಾ ಎಂದು ಕೇಳಿ. ದೊಡ್ಡ ಸಾಲಕ್ಕೆ ಅರ್ಜಿ ಹಾಕುವ ಮುಂಚಿನ ತಿಂಗಳುಗಳಲ್ಲಿ ಹೊಸ ಕಾರ್ಡ್ ಪಡೆಯುವುದೂ ಬೇಡ, ಹಳೆಯದನ್ನು ಮುಚ್ಚುವುದೂ ಬೇಡ.

ಮುಚ್ಚುವುದೇ ಸರಿ ಎನಿಸಿದರೆ, ಮೊದಲು ಆ ಕಾರ್ಡಿಗೆ ಕಟ್ಟಿರುವ ಆಟೋ ಪೇಗಳನ್ನೆಲ್ಲ ಬೇರೆಡೆಗೆ ಬದಲಿಸಿ. ಇಎಂಐ ಇದ್ದರೆ ಮುಗಿಸಿ. ರಿವಾರ್ಡ್ ಪಾಯಿಂಟ್‌ಗಳನ್ನು ಬಳಸಿಬಿಡಿ. ಪೈಸೆ ಉಳಿಯದಂತೆ ಬಾಕಿ ಕಟ್ಟಿ. ಆಮೇಲೆ ಸಹಾಯವಾಣಿ, ಇಮೇಲ್ ಅಥವಾ ಆ್ಯಪ್ ಮೂಲಕ ಮುಚ್ಚುವ ಕೋರಿಕೆ ಸಲ್ಲಿಸಿ, ಕೋರಿಕೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಂಚೆಯಲ್ಲೇ ಪತ್ರ ಕಳಿಸಿ ಎಂದು ಸತಾಯಿಸುವಂತಿಲ್ಲ.

ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ, ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ಗ್ರಾಹಕರಿಗೆ ದಂಡ ಕೊಡಬೇಕು. ಮುಚ್ಚಿದ ಮೇಲೆ ‘ಬಾಕಿ ಇಲ್ಲ’ ಎಂಬ ಪತ್ರ ಕೇಳಿ ಪಡೆಯಿರಿ. ಒಂದೆರಡು ತಿಂಗಳ ನಂತರ ವರದಿ ತೆಗೆದು, ಆ ಖಾತೆಯ ಮುಂದೆ ‘ಕ್ಲೋಸ್ಡ್’ ಎಂದಿದೆಯೇ ನೋಡಿ. ಕತ್ತರಿ ಕೈಗೆತ್ತಿಕೊಳ್ಳುವುದು ಇಷ್ಟೆಲ್ಲ ಆದ ಮೇಲೆ.

ಒಂದು ಶಬ್ದದ ವ್ಯತ್ಯಾಸ

ಅಕ್ಕನ ವಿಷಯಕ್ಕೆ ಬರುತ್ತೇನೆ. ಬಾಕಿ ವಸೂಲಿಗೆ ಮಾತಾಡಿದವನು, ‘ಒಂಬತ್ತು ಸಾವಿರ ಯಾಕೆ ಮೇಡಂ, ನಾಲ್ಕು ಸಾವಿರ ಕೊಡಿ, ಸೆಟ್ಲ್ ಮಾಡಿಬಿಡೋಣ’ ಅಂದ. ಅವಳು ಇನ್ನೇನು ಹಣ ಕಳಿಸುವವಳಿದ್ದಳು. ಅಷ್ಟು ಹೊತ್ತಿಗೆ ನಾನು ಒಂದಿಷ್ಟು ಓದಿಕೊಂಡಿದ್ದೆ, ತಡೆದೆ. ಹಾಗೆ ಕಡಿಮೆ ಕೊಟ್ಟು ಮುಗಿಸಿದರೆ ವರದಿಯಲ್ಲಿ ‘ಸೆಟ್ಲ್ಡ್’ ಎಂದು ಬರುತ್ತದೆ. ಪೂರ್ತಿ ಕೊಡಲಾಗದೆ ರಾಜಿ ಮಾಡಿಕೊಂಡವರು ಎಂದು ಮುಂದೆ ಸಾಲ ಕೊಡುವವರು ಅದನ್ನು ಓದುತ್ತಾರೆ. ಅದರ ಬದಲು ನಾವು ಬ್ಯಾಂಕಿನ ದೂರು ಅಧಿಕಾರಿಗೆ ಇಮೇಲ್ ಬರೆದೆವು. ಎರಡು ಖರೀದಿಯ ಬಿಲ್ಲನ್ನೂ ಸಮಯಕ್ಕೆ ಕಟ್ಟಿದ್ದನ್ನು ತೋರಿಸಿ, ಇದು ಬರೀ ಶುಲ್ಕದ ಮೇಲಿನ ಶುಲ್ಕ ಎಂದು ವಿವರಿಸಿದೆವು. ಮೂರು ವಾರ ಹಿಡಿಯಿತು. ವಿಳಂಬ ಶುಲ್ಕದ ಬಹುಭಾಗ ಅವರೇ ವಾಪಸ್ ಮಾಡಿದರು. ಉಳಿದದ್ದನ್ನು ಪೂರ್ತಿ ಕಟ್ಟಿ, ‘ಕ್ಲೋಸ್ಡ್’ ಎಂದೇ ವರದಿ ಮಾಡುವುದಾಗಿ ಲಿಖಿತವಾಗಿ ಪಡೆದೆವು. 30 ದಿನದಲ್ಲಿ ಬ್ಯಾಂಕ್ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಅಲ್ಲಿಯವರೆಗೆ ಹೋಗುವ ಪ್ರಮೇಯ ನಮಗೆ ಬರಲಿಲ್ಲ.

ಆದರೆ ಹಿಂದಿನದು ಅಳಿಸಿಹೋಗುವುದಿಲ್ಲ. ಸಿಬಿಲ್ ವರದಿಯಲ್ಲಿ 36 ತಿಂಗಳ ಪಾವತಿಯ ಚರಿತ್ರೆ ಕಾಣುತ್ತದೆ. ಅಕ್ಕನ ಆ 20 ತಿಂಗಳು ಈಗಲೂ ಅಲ್ಲಿವೆ, ಒಂದೊಂದೇ ತಿಂಗಳು ಹಿಂದೆ ಸರಿಯುತ್ತಿವೆ. ಸ್ಕೋರ್ ಒಂದೇ ದಿನಕ್ಕೆ ಮೇಲೇರಲಿಲ್ಲ. ತಿಂಗಳುಗಳು ಕಳೆದು ಈಗ 704ಕ್ಕೆ ಬಂದಿದೆ. ಹಣ ಕೊಟ್ಟರೆ ವಾರದಲ್ಲಿ ಸ್ಕೋರ್ ಏರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಸರಿಯಾಗಿ ದಾಖಲಾದ ಬಾಕಿಯನ್ನು ಯಾರೂ ಅಳಿಸಲಾರರು. ತಪ್ಪಾಗಿ ದಾಖಲಾಗಿದ್ದರೆ ಅದನ್ನು ತಿದ್ದಿಸಲು ನೀವೇ ಉಚಿತವಾಗಿ ಅರ್ಜಿ ಹಾಕಬಹುದು.

ಕಳೆದ ತಿಂಗಳು, ಕೊನೆಯ ವರ್ಷದ ಶುಲ್ಕಕ್ಕಾಗಿ ಅದೇ ಬ್ಯಾಂಕಿಗೆ ಮತ್ತೆ ಹೋದೆವು. ಮ್ಯಾನೇಜರ್ ‘ಬಾಕಿ ಇಲ್ಲ’ ಪತ್ರ ನೋಡಿದರು, ನಡೆದದ್ದನ್ನು ಕೇಳಿದರು, ಕಡತ ಮುಂದಕ್ಕೆ ಕಳಿಸಿದರು. ಸಾಲ ಮಂಜೂರಾಗಿದೆ. ಅದು ನನ್ನ ಹೆಸರಿನಲ್ಲೂ ಅಕ್ಕನ ಹೆಸರಿನಲ್ಲೂ ದಾಖಲಾಗುತ್ತದೆ. ನಾಳೆ ನಾನು ಕಂತು ತಪ್ಪಿಸಿದರೆ ಅವಳ ಸ್ಕೋರೂ ಇಳಿಯುತ್ತದೆ. ಸಹಿ ಹಾಕುವಾಗ ಅದನ್ನೇ ಯೋಚಿಸುತ್ತಿದ್ದೆ.

ಅಮ್ಮನ ಒಂದು ಬಳೆ ಬಿಡಿಸಿಕೊಂಡು ಬಂದಿದ್ದೇವೆ. ಇನ್ನೊಂದು ಸೊಸೈಟಿಯಲ್ಲೇ ಇದೆ. ಅಕ್ಕ ಪ್ರತಿ ತಿಂಗಳು ಐದನೇ ತಾರೀಕು ಅದಕ್ಕೆ ಹಣ ಕಳಿಸುತ್ತಾಳೆ. ಅಪ್ಪ ಮಾತ್ರ, ಅವಳು ಊರಿಗೆ ಬಂದಾಗಲೆಲ್ಲ ಕತ್ತರಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಾರೆ.