ಗ್ಯಾಸ್ ಒಲೆ ಕಲಿಸಿದ ದೋನ್ಯ ಪೆತ್ರೋನ

ಅರ್ಜೆಂಟೀನಾದ ಬಾಣಸಿಗ ಎಂದರೆ ನೆಟ್‌ಫ್ಲಿಕ್ಸ್ ನೋಡುವವರಿಗೆ ಬೆಂಕಿಯ ಮುಂದೆ ನಿಂತ ಫ್ರಾನ್ಸಿಸ್ ಮಾಲ್ಮನ್ ನೆನಪಾಗಬಹುದು. ಅಲ್ಲಿನ ಹಿರಿಯರನ್ನು ಕೇಳಿದರೆ ಮೊದಲು ಬರುವ ಹೆಸರು ದೋನ್ಯ ಪೆತ್ರೋನ. ದೋನ್ಯ ಎಂಬುದು ನಮ್ಮ 'ಅಮ್ಮನವರು' ಇದ್ದಂತೆ, ಗೌರವದ ಮಾತು.

ಪೆತ್ರೋನ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಉತ್ತರದ ಸಾಂತಿಯಾಗೊ ದೆಲ್ ಎಸ್ತೇರೊ ಪ್ರಾಂತ್ಯದಲ್ಲಿ. ತಾಯಿ ಊಟ-ವಸತಿಯ ಮನೆ ನಡೆಸುತ್ತಿದ್ದರು. ಮಗಳಿಗೆ ಅಡುಗೆಯಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ಮದುವೆಯಾಗಿ ಬ್ಯೂನಸ್ ಐರಿಸ್ ಸೇರಿದ ಮೇಲೆ ಹಣದ ಅಡಚಣೆ ಶುರುವಾಯಿತು. 1928ರಲ್ಲಿ ಬ್ರಿಟಿಷರ ಒಡೆತನದ ಪ್ರಿಮಿತೀವ ಗ್ಯಾಸ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಸೌದೆ, ಇದ್ದಿಲು, ಸೀಮೆಎಣ್ಣೆಗೆ ಒಗ್ಗಿಹೋದ ಗೃಹಿಣಿಯರ ಮುಂದೆ ಗ್ಯಾಸ್ ಒಲೆ ಹಚ್ಚಿ ಅಡುಗೆ ಮಾಡಿ ತೋರಿಸುವುದು ಕೆಲಸ. ನಮ್ಮ ಮನೆಗಳಿಗೆ ಮೊದಲ ಸಿಲಿಂಡರ್ ಬಂದಾಗ ಅಜ್ಜಿಯರು ಪಟ್ಟ ಭಯ ಬಲ್ಲವರಿಗೆ ಅದೆಷ್ಟು ಕಷ್ಟವೆಂದು ಗೊತ್ತು. ಕಂಪನಿಯೇ ಅವರನ್ನು ಅಡುಗೆ ಕಲಿಯಲು ಕಳಿಸಿತು.

ಆಮೇಲೆ ರೇಡಿಯೊ, ಪತ್ರಿಕೆ ಅಂಕಣ. 1930ರ ದಶಕದ ಮೊದಲರ್ಧದಲ್ಲಿ ತಾವೇ ಪ್ರಕಟಿಸಿದ ಅಡುಗೆ ಪುಸ್ತಕ ಮುಂದೆ ನೂರಕ್ಕೂ ಹೆಚ್ಚು ಮುದ್ರಣ ಕಂಡಿತು. ಬೈಬಲ್ ಜೊತೆ ಪೈಪೋಟಿಗೆ ಬಿದ್ದ ಪುಸ್ತಕ ಎಂದು ಅಲ್ಲಿ ಹೇಳುವುದುಂಟು. ಕರ್ಜಿಕಾಯಿ ಆಕಾರದ, ಮಾಂಸ ತುಂಬಿದ ಎಂಪನಾದದ ಪಕ್ಕದಲ್ಲೇ ಇಟಲಿ, ಫ್ರಾನ್ಸ್‌ಗಳ ತಿನಿಸು. ವಲಸಿಗರ ದೇಶಕ್ಕೆ ಒಪ್ಪುವ ಊಟ. ಮೊಟ್ಟೆ, ಬೆಣ್ಣೆಗೆ ಮಾತ್ರ ಲೆಕ್ಕವೇ ಇರಲಿಲ್ಲ! ಕಾಲ ಬಿಗಿಯಾದಾಗ ಅವರೂ ಕೈ ಬಿಗಿಹಿಡಿದರು.

1950ರ ದಶಕದ ಆರಂಭದಲ್ಲಿ ಅಲ್ಲಿ ಟಿವಿ ಬಂತು, ಪೆತ್ರೋನ ಅದರಲ್ಲೂ ಕಾಣಿಸಿಕೊಂಡರು. 1960ರ ದಶಕದಲ್ಲಿ ಮಧ್ಯಾಹ್ನದ ಮಹಿಳಾ ಕಾರ್ಯಕ್ರಮದ ತಾರೆಯಾದರು. ಪರದೆಯ ಮೇಲೆ ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬ ಹೆಂಗಸು: ಹುವಾನೀತ ಬೊರ್ದೊಯ್. ಪಾತ್ರೆ ಕೊಡುವುದು, ಹೆಚ್ಚಿಡುವುದು, ತೊಳೆಯುವುದು, ಎಲ್ಲವೂ ಅವರದೇ. ಪೆತ್ರೋನರ ಮನೆಯಲ್ಲೇ ವಾಸ. ಕ್ಯಾಮೆರಾ ಎದುರೇ ಯಜಮಾನಿ ಆಜ್ಞೆ ಮಾಡುತ್ತಿದ್ದ ಧಾಟಿ ನೋಡುಗರಲ್ಲಿ ಕೆಲವರಿಗೆ ಸಹಜ, ಕೆಲವರಿಗೆ ಕಿರಿಕಿರಿ. ಹೆಂಗಸರಿಗೆ ದುಡಿಮೆಯ ದಾರಿ ತೋರಿದ ಪೆತ್ರೋನ ದೊಡ್ಡವರೇ, ಆದರೆ ನನ್ನ ಕಣ್ಣು ಹೋಗುವುದು ಹುವಾನೀತರ ಕಡೆಗೆ. ಬಾಯಿಗಳಲೆಯ ಪುಸ್ತಕ ಬರೆದವರು ಒಬ್ಬರು, ಈರುಳ್ಳಿ ಹೆಚ್ಚಿದವರು ಇನ್ನೊಬ್ಬರು.

ಪೆತ್ರೋನ 1992ರಲ್ಲಿ ತೀರಿಕೊಂಡರು. ಅಮೆರಿಕದ ಇತಿಹಾಸಕಾರ್ತಿ ರೆಬೆಕಾ ಪೈಟ್ 2013ರಲ್ಲಿ ಅವರ ಕುರಿತು ಪುಸ್ತಕ ಬರೆದಾಗ, ಹುವಾನೀತರ ಕತೆಗೂ ಅದರಲ್ಲಿ ಜಾಗ ಸಿಕ್ಕಿತು.