ನೆಲದ ಮೇಲೆ ಬೇಯುವ ವಿಮಾನ

ಆಕಾಶದಲ್ಲಿ ಗಂಟೆಗಟ್ಟಲೆ ಹಾರಿದರೂ ಬಳಲದ ಎಂಜಿನು, ನೆಲದ ಮೇಲೆ ಕೆಲವು ನಿಮಿಷ ತೆವಳುವಷ್ಟರಲ್ಲಿ ಮಿತಿಮೀರಿ ಕಾಯಬಹುದೆಂದರೆ ಯಾರಿಗಾದರೂ ವಿಚಿತ್ರವಾಗಿ ತೋರೀತು. ದುಡಿಮೆ ಹೆಚ್ಚಿದಷ್ಟೂ ಬಿಸಿ ಹೆಚ್ಚೆಂಬುದು ನಮ್ಮ ವಾಡಿಕೆಯ ಎಣಿಕೆ. ಸಣ್ಣ ವಿಮಾನಗಳ ವಿಷಯದಲ್ಲಿ ಈ ಎಣಿಕೆ ತಲೆಕೆಳಗಾಗುವುದು.

ಮೋಟಾರು ಕಾರಿಗೆ ನೀರು ತುಂಬಿದ ರೇಡಿಯೇಟರು ಉಂಟು. ಅದಕ್ಕೆ ಗಾಳಿ ಬೀಸಲು ಫ್ಯಾನೂ ಉಂಟು. ಸಣ್ಣ ವಿಮಾನಗಳಲ್ಲಿ ಬಹುಪಾಲಿನವಕ್ಕೆ ಇವೆರಡೂ ಇಲ್ಲ. ಅವುಗಳ ಸಿಲಿಂಡರುಗಳ ಸುತ್ತ ಲೋಹದ ತೆಳು ಪಟ್ಟಿಗಳನ್ನು ಒತ್ತೊತ್ತಾಗಿ ಎಬ್ಬಿಸಿರುತ್ತಾರೆ. ಹಾರುವಾಗ ಮೂತಿಯ ಕಿಂಡಿಗಳಿಂದ ನುಗ್ಗುವ ಗಾಳಿ ಆ ಪಟ್ಟಿಗಳ ನಡುವೆ ಹರಿದು, ಶಾಖವನ್ನು ಹೊತ್ತು ಕೆಳಗಿನಿಂದ ಹೊರಬೀಳುವುದು. ಮನುಷ್ಯನ ನಡಿಗೆಯ ವೇಗದಲ್ಲಿ ನೆಲದ ಮೇಲೆ ಸಾಗುವಾಗ ಆ ಗಾಳಿಯೆಲ್ಲಿ ಬರಬೇಕು? ಪ್ರೊಪೆಲರು ಬೀಸುತ್ತದಲ್ಲವೆ ಎಂದು ವಾಚಕರು ಕೇಳಬಹುದು. ಬೀಸುವುದು ನಿಜ, ಆದರೆ ಆ ಬೀಸಿನ ಬಲವೆಲ್ಲ ಅಲಗಿನ ಹೊರಭಾಗದಲ್ಲಿ. ಕಿಂಡಿಗಳ ಎದುರಿಗಿರುವ ಬುಡದಿಂದ ಬರುವುದು ಅಲ್ಪ.

ಇದು ಸಣ್ಣ ವಿಮಾನಗಳಿಗಷ್ಟೇ ಅಂಟಿದ ಗೋಳಲ್ಲ. 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಕಾದ ಸ್ಪಿಟ್‌ಫೈರ್ ಯುದ್ಧವಿಮಾನದ ಮರ್ಲಿನ್ ಎಂಜಿನನ್ನು ದ್ರವದಿಂದ ತಂಪುಮಾಡುತ್ತಿದ್ದರು. ಅದರ ರೇಡಿಯೇಟರು ಬಲರೆಕ್ಕೆಯ ಕೆಳಗಿತ್ತು. ಗಾಲಿಯ ಕಾಲು ಕೆಳಗಿಳಿದಿರುವಾಗ ಸರಿಯಾಗಿ ರೇಡಿಯೇಟರಿನ ಮುಂದೆಯೇ ಬಂದು ಗಾಳಿಗೆ ಅಡ್ಡವಾಗುತ್ತಿತ್ತು! ಸಾಲದೆಂಬಂತೆ, ಉದ್ದನೆಯ ಮೂತಿ ದಾರಿಯನ್ನು ಮರೆಮಾಡುತ್ತಿದ್ದುದರಿಂದ ಚಾಲಕನು ಹಾವಿನಂತೆ ಅತ್ತಿತ್ತ ಹೊರಳಿಸುತ್ತ ಸಾಗಬೇಕಾಗಿತ್ತು. ಹೆಚ್ಚು ಹೊತ್ತು ನೆಲದಲ್ಲಿ ನಿಂತರೆ ದ್ರವ ಕುದಿಯತೊಡಗುವುದು. ಶತ್ರು ಬಂದನೆಂಬ ಕರೆ ಬಂದಾಗ ಆದಷ್ಟು ಬೇಗ ಮೇಲೇರುವುದೇ ಎಂಜಿನಿಗೂ ಹಿತ, ದೇಶಕ್ಕೂ ಹಿತ.

ಯುದ್ಧವಿಲ್ಲದ ಕಾಲದಲ್ಲಿ, ಹಾರಲು ಕಲಿಯುವ ತರುಣರಿಗೂ ಈ ಎಚ್ಚರ ತಪ್ಪಿದ್ದಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ನಿರ್ಮಿಸಿದ ‘ಪುಷ್ಪಕ’ವು 1958ರಲ್ಲಿ ಮೊದಲು ಹಾರಿತು. ಇಬ್ಬರು ಕೂರುವ ಈ ಪುಟ್ಟ ವಿಮಾನಕ್ಕೆ ಗಾಳಿಯನ್ನೇ ನಂಬಿದ, ನಾಲ್ಕು ಸಿಲಿಂಡರುಗಳ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನು. ದೇಶದ ಅನೇಕ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ತರುಣರು ಹಾರಲು ಕಲಿತದ್ದು ಇದರಲ್ಲಿ. (ರಾಮಾಯಣದ ಪುಷ್ಪಕಕ್ಕೆ ಶಾಖದ ಬಾಧೆ ಇದ್ದಂತೆ ಕಾಣೆ.) ವೈಮಾನಿಕ ಶಾಲೆ ಆರಂಭವಾದ ಬೆಂಗಳೂರಿನ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ತುಸು ತೆಳು. ತೆಳುಗಾಳಿ ಹೊತ್ತೊಯ್ಯುವ ಶಾಖವೂ ಕಡಿಮೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕೇಳಬೇಕೆ?

ಕಾದರೇನಾಯಿತು, ಮೇಲೇರಿದರೆ ತಣಿಯುವುದಲ್ಲವೆ ಎಂಬ ಉದಾಸೀನ ಸಲ್ಲದು. ಮೇಲೇರುವ ಗಳಿಗೆಯಲ್ಲಿಯೇ ಎಂಜಿನಿನಿಂದ ಪೂರ್ಣಶಕ್ತಿಯನ್ನು ಬೇಡುವುದು. ಅತಿಯಾಗಿ ಕಾದ ಸಿಲಿಂಡರಿನಲ್ಲಿ ಪೆಟ್ರೋಲು ಕ್ರಮವಾಗಿ ಉರಿಯದೆ ಒಮ್ಮೆಗೇ ಸಿಡಿಯಬಹುದು. ಕಾದ ಎಣ್ಣೆ ತೆಳುವಾಗಿ ಜಾರಿಸುವ ಗುಣವನ್ನು ಕಳೆದುಕೊಳ್ಳುವುದು. ನೆಲ ಬಿಟ್ಟು ನೂರಾರು ಅಡಿ ಏರಿದಾಗ ಶಕ್ತಿ ಕುಂದಿದರೆ ಹಿಂದಿರುಗಲು ಎತ್ತರವೂ ಸಾಲದು, ಯೋಚಿಸಲು ಹೊತ್ತೂ ಸಾಲದು.

ಪರಿಹಾರಗಳೇನೂ ದುಬಾರಿಯಲ್ಲ. ಹಾರುವ ಮುನ್ನ ಎಂಜಿನಿನ ವೇಗ ಹೆಚ್ಚಿಸಿ ಪರೀಕ್ಷಿಸುವಾಗ ಮೂತಿಯನ್ನು ಬೀಸುಗಾಳಿಗೆ ಎದುರಾಗಿ ತಿರುಗಿಸಬೇಕು. ಪರೀಕ್ಷೆಯನ್ನು ಬೇಗ ಮುಗಿಸಬೇಕು. ಗಾಳಿ ಹೊರಹೋಗುವ ಬಾಗಿಲುಗಳಿರುವ ವಿಮಾನಗಳಲ್ಲಿ ಅವನ್ನು ಪೂರ್ತಿ ತೆರೆದಿರಬೇಕು. ಬ್ರೇಕನ್ನು ಒತ್ತಿಹಿಡಿದೇ ಎಂಜಿನಿನ ವೇಗ ಹೆಚ್ಚಿಸಿ ಎಳೆಸುವುದು ಹೊಸಬರ ಚಾಳಿ. ಅದರಿಂದ ಬ್ರೇಕೂ ಕಾಯುವುದು, ಎಂಜಿನೂ ಕಾಯುವುದು. ಸರದಿಗಾಗಿ ಬಹಳ ಹೊತ್ತು ಕಾಯಬೇಕಾಗಿ ಬಂದು, ಎಣ್ಣೆಯ ಶಾಖಸೂಚಿ ಕೆಂಪುಗೆರೆಯತ್ತ ಸರಿಯುತ್ತಿದ್ದರೆ ನಾಚಿಕೆಪಡದೆ ಎಂಜಿನನ್ನು ನಿಲ್ಲಿಸುವುದೇ ಜಾಣತನ.

ಹೊರಡುವ ಮುಂಚೆ ಮಾಡಬೇಕಾದ ಕೆಲಸವೂ ಉಂಟು. ಎಣ್ಣೆಯ ಮಟ್ಟ ನೋಡಬೇಕು. ಗಾಳಿಯನ್ನು ಸಿಲಿಂಡರಿನತ್ತ ತಿರುಗಿಸುವ ತಗಡುಗಳು, ಅವುಗಳ ಅಂಚಿನ ರಬ್ಬರು ಹರಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೂತಿಯ ಕಿಂಡಿಗಳಲ್ಲಿ ಇಣುಕಿ ನೋಡುವುದಂತೂ ಎಷ್ಟು ಅನುಭವಿಯಾದ ಚಾಲಕನೂ ಬಿಡಬಾರದ ಪದ್ಧತಿ. ನಾಲ್ಕು ದಿನ ಸುಮ್ಮನೆ ನಿಂತ ವಿಮಾನದ ಕಿಂಡಿ ಹಕ್ಕಿಗಳಿಗೆ ಒಳ್ಳೆಯ ಮನೆ. ಒಣಹುಲ್ಲಿನ ಗೂಡು ಗಾಳಿಯ ದಾರಿಯನ್ನೂ ಮುಚ್ಚುವುದು, ಬಿಸಿ ಎಂಜಿನಿನ ಮೇಲೆ ಹೊತ್ತಿಕೊಳ್ಳಲೂಬಹುದು.